ಚೌಕ ತೂತಿನ ಊರಿಗೆ

ನನ್ನ ಪಾಸ್‌ಪೋರ್ಟು ಬೀರುವಿನಲ್ಲಿ, ಇಳಕಲ್ ಸೀರೆಗಳ ಕೆಳಗೆ, ನುಸಿಗುಳಿಗೆಯ ವಾಸನೆ ಹಿಡಿದು ಮಲಗಿ ವರ್ಷಗಳೇ ಆಗಿದ್ದವು. ಯಾವುದೋ ಹುರುಪಿನಲ್ಲಿ ಮಾಡಿಸಿದ್ದು. ಒಳಗೆ ಒಂದು ಮುದ್ರೆಯೂ ಬಿದ್ದಿರಲಿಲ್ಲ. ಹಾಳೆಗಳು ನಾನು ಓದಿದ ಯಾದಗಿರಿಯ ಕಾನ್ವೆಂಟಿನ ಸಿಸ್ಟರ್‌ಗಳ ಕಾಲರಿನಂತೆ ಗರಿಗರಿಯಾಗಿಯೇ ಇದ್ದವು. ವರ್ಷಕ್ಕೊಮ್ಮೆ ಸೀರೆಗಳನ್ನು ಬಿಸಿಲಿಗೆ ಹರವುವಾಗ ಅದನ್ನೂ ಹರವುತ್ತಿದ್ದೆ. ಹಪ್ಪಳದ ಪಕ್ಕದಲ್ಲಿ ನನ್ನ ಫೋಟೊ ಆಕಾಶ ನೋಡಿಕೊಂಡು ಬಿದ್ದಿರುತ್ತಿತ್ತು. ನನ್ನ ವಿದೇಶ ಪ್ರವಾಸ ಅಲ್ಲಿಯವರೆಗೆ ಮಾಳಿಗೆಯವರೆಗೆ ಮಾತ್ರ ನಡೆದಿತ್ತು.

ನನ್ನ ಗಂಡನದು ಶಹಾಪುರದಲ್ಲಿ ಬೀಜ, ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಔಷಧದ ಅಂಗಡಿ. ಆ ಔಷಧಕ್ಕೆ ನಮ್ಮ ಕಡೆ ಎಣ್ಣೆ ಅನ್ನುತ್ತಾರೆ. ಎಣ್ಣೆ ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿಗಳು ವಿದೇಶಕ್ಕೆ ಕರೆದುಕೊಂಡು ಹೋಗುವ ರೂಢಿ. ಹತ್ತಿಯ ಹುಳ ಸತ್ತಷ್ಟೂ ಅಂಗಡಿಯವರು ದೂರ ಹಾರುತ್ತಾರೆ. ಹಿಂದೊಮ್ಮೆ ಇವರು ಹಾಗೆಯೇ ಬ್ಯಾಂಕಾಕಿಗೆ ಹೋಗಿ ಬಂದಿದ್ದರು. ಏನು ನೋಡಿದಿರಿ ಎಂದು ಕೇಳಿದರೆ "ಆನಿ" ಎಂದಿದ್ದರು. ಅದರಾಚೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ವರ್ಷ ಕಂಪನಿಗೆ ಏನು ಬುದ್ಧಿ ಬಂತೋ, ಮಲೇಷಿಯಾಕ್ಕೆ ಇಬ್ಬಿಬ್ಬರಿಗೆ ಟಿಕೆಟ್ಟು ಎಂದರು. ಆದರೆ ಹೊರಡುವುದು ಮುಂಗಾರು ಬಿತ್ತನೆಯ ಹೊತ್ತಿಗೆ.

"ರೈತರು ಬೀಜ ಕೇಳಾಕ ಬರೋ ಟೈಮಿಗೇ ಇವ್ರಿಗೆ ಟೂರ್ ನೆನಪಾಗ್ತದ," ಎಂದು ಇವರು ಊಟದ ತಾಟಿನ ಮುಂದೆ ಗೊಣಗಿದರು. "ನಾ ಅಂಗಡಿ ಬಿಟ್ಟು ಬರಾಂಗಿಲ್ಲ. ನೀನೂ ಅವ್ವನೂ ಹೋಗಿ ಬರ್ರಿ."

ನಾನು ನಮ್ಮತ್ತೆಯ ಮುಖ ನೋಡಿದೆ. ಅವರ ಪಾಸ್‌ಪೋರ್ಟೂ ನನ್ನದರ ಜೊತೆಗೇ ಆಗಿತ್ತು, ಜೊತೆಗೇ ಬಿಸಿಲು ಕಾಯುತ್ತಿತ್ತು. ಅವರು ರೊಟ್ಟಿ ಮುರಿಯುತ್ತಿದ್ದರು. ನಮ್ಮತ್ತೆಗೆ ಉಬ್ಬಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮುಖಕ್ಕೆ ಮುಖವಾಡ ಕಟ್ಟಿಕೊಂಡು ಔಷಧದ ಹೊಗೆ ಎಳೆದುಕೊಳ್ಳಬೇಕು. ಆ ಹೊಗೆ ಮಾಡುವ ಯಂತ್ರ ನಮ್ಮ ಊಟದ ಡಬ್ಬಿಯಷ್ಟಿದೆ, ಗಿರಣಿಯಷ್ಟು ಸದ್ದು ಮಾಡುತ್ತದೆ. ಅವರು ಅದಕ್ಕೆ ಗಾಳಿ ಮಷೀನು ಅನ್ನುತ್ತಾರೆ.

"ನಾ ಬರ್ತೀನಿ," ಎಂದರು ಕಡೆಗೆ. "ಖರೆ, ನನ್ನ ಮಷೀನು ಅಲ್ಲಿ ನಡೀಬೇಕು. ನಡಿಯಾಂಗಿಲ್ಲಂದ್ರ ನಾ ಬರಾಂಗಿಲ್ಲ."

"ನೀವು ಬರದಿದ್ರ ನಾನು?"

"ಗಂಡಿಲ್ಲ, ಅತ್ತಿ ಇಲ್ಲ, ಒಬ್ಬಾಕಿ ಹ್ಯಾಂಗ ಹೋಗ್ತಿ ಬೇ ಕಾನ್ವೆಂಟ?"

ನನ್ನನ್ನು ಕೆಣಕಬೇಕೆನಿಸಿದಾಗ ಅವರು ಕರೆಯುವುದು ಹಾಗೆ, ಕಾನ್ವೆಂಟ. ಮದುವೆಯಾದ ಹೊಸದರಲ್ಲಿ ನಾನು ನೀರು ಕೇಳುವಾಗಲೂ 'ಪ್ಲೀಸ್' ಅಂದುಬಿಟ್ಟಿದ್ದೆ. ಆ ಪ್ಲೀಸ್ ಈವರೆಗೂ ನನ್ನ ಬೆನ್ನು ಬಿಟ್ಟಿಲ್ಲ. ಇರಲಿ. ಅಂತೂ ನನ್ನ ಮಲೇಷಿಯಾ ಆ ಕ್ಷಣದಿಂದ ಒಂದು ಪ್ಲಗ್ಗಿನ ತುದಿಗೆ ನೇತುಬಿತ್ತು. ಮಷೀನು ನಡೆದರೆ ಅತ್ತೆ ಬರುತ್ತಾರೆ, ಅತ್ತೆ ಬಂದರೆ ನಾನು ಹೋಗುತ್ತೇನೆ. ಅದು ನಡೆಯದಿದ್ದರೆ ಪಾಸ್‌ಪೋರ್ಟು ಮತ್ತೆ ಹಪ್ಪಳದ ಪಕ್ಕಕ್ಕೆ.

ಮಲೇಷಿಯಾದ ಗೋಡೆಗಳಲ್ಲಿ ಇರುವುದು ಚೌಕ ತೂತು ಎಂದು ಮೊದಲು ಹೇಳಿದವರು ನಮ್ಮವರ ಸ್ನೇಹಿತರು, ಯಾದಗಿರಿಯಲ್ಲಿ ಇಂಥದೇ ಅಂಗಡಿ ಇಟ್ಟವರು, ಇದೇ ಟೂರಿಗೆ ಹೆಂಡತಿಯ ಜೊತೆ ಹೊರಟವರು. ಇಂಥ ತೂತಿನ ಇನ್ನೊಂದು ದೇಶಕ್ಕೆ ಅವರು ಹಿಂದೆ ಹೋಗಿ ಬಂದಿದ್ದರು. ನಮ್ಮ ಅಂಗಡಿಯ ಗೊಬ್ಬರದ ಚೀಲದ ಮೇಲೆ ಕೂತು, ನಾನು ಕೊಟ್ಟ ಚಹಾವನ್ನು ಬಸಿಯಲ್ಲಿ ಸುರಿದುಕೊಂಡು ಉಪಾಯ ಹೇಳಿಕೊಟ್ಟರು.

"ಅಡಾಪ್ಟರ್ ಗಿಡಾಪ್ಟರ್ ಏನೂ ಬ್ಯಾಡ ವೈನಿ. ಮ್ಯಾಲಿನ ತೂತಿನ್ಯಾಗ ಒಂದು ಪೆನ್ನು ತುರುಕ್ರಿ. ಕೆಳಗಿನ ಎರಡೂ ತಾವಾಗೇ ಬಾಯಿ ತೆರೀತಾವ. ಆಮ್ಯಾಲ ನಿಮ್ಮ ಪ್ಲಗ್ಗು ದಬ್ರಿ. ನಂದೊಂದು ಪೆನ್ನಿನ ಮ್ಯಾಲೇ ಇಡೀ ಟೂರ್ ನಡೀತು."

ಮೂಗಿಗೆ, ಕಿವಿಗೆ, ಕರೆಂಟಿನ ತೂತಿಗೆ ಏನನ್ನೂ ತುರುಕಬಾರದು ಎಂದು ನನಗೆ ಒಂದನೇ ಇಯತ್ತೆಯಲ್ಲೇ ಸಿಸ್ಟರ್ ಕಲಿಸಿದ್ದರು. ಆ ಶಾಲೆಯಲ್ಲಿ ಕಲಿತ ಉಳಿದದ್ದೆಲ್ಲ ಹಾರಿಹೋದರೂ ಅದೊಂದು ಉಳಿದಿದೆ. ನಾನು ನಕ್ಕು ಖಾಲಿ ಬಸಿ ಎತ್ತಿಕೊಂಡೆ. ಅವರು ಹೋದ ಮೇಲೆ ಅತ್ತೆ ಕೇಳಿದರು: "ಅಂವ ಪೆನ್ನು ಬರಿಯೂದಕ್ಕ ಯಾವಾಗಾರ ಹಿಡಿದಾನೇನು?"

ಮರುದಿನ ಬಸ್‌ಸ್ಟ್ಯಾಂಡಿನ ಹತ್ತಿರದ ಕರೆಂಟ್ ಸಾಮಾನಿನ ಅಂಗಡಿಗೆ ಹೋದೆವು. ಅತ್ತೆ ಮಷೀನನ್ನೂ ಚೀಲದಲ್ಲಿ ಹೊತ್ತುಕೊಂಡೇ ಬಂದಿದ್ದರು. ಸೊಸೆಯ ಕಾಲಿಗೆ ಚಪ್ಪಲಿ ಕೊಳ್ಳಲು ಸೊಸೆಯನ್ನೇ ಕರೆದುಕೊಂಡು ಹೋಗುವುದಿಲ್ಲವೇ, ಹಾಗೆ ಎಂದರು. ಅಂಗಡಿಯವನು ಫ್ಯಾನಿನ ರೆಕ್ಕೆಗಳ ಹಿಂದಿನಿಂದ ಒಂದು ಬಿಳಿ ಡಬ್ಬಿ ತೆಗೆದು ಧೂಳು ಊದಿದ. ಅದರ ಪಕ್ಕದ ಗುಂಡಿ ಜಾರಿಸಿದರೆ ಒಂದು ಕಡೆಯಿಂದ ಚಪ್ಪಟೆ ಕಡ್ಡಿ, ಇನ್ನೊಮ್ಮೆ ಜಾರಿಸಿದರೆ ದುಂಡು ಕಡ್ಡಿ, ಮತ್ತೊಮ್ಮೆ ಚೌಕ ಕಡ್ಡಿ ಹೊರಗೆ ಬರುತ್ತಿದ್ದವು. ಹಾವಾಡಿಗನ ಬುಟ್ಟಿಯ ಹಾಗೆ.

"ಇಂಟರ್‌ನ್ಯಾಷನಲ್ ಅದರಿ ಅಮ್ಮ. ಎಲ್ಲಾ ದೇಶದಾಗ ನಡೀತದ."

"ನೀ ಯಾವ ದೇಶಕ್ಕ ಹೋಗಿದ್ದೆಪ್ಪ?"

"ನಾ ಯಾಕ ಹೋಗ್ಲಿರಿ. ಅಂಗಡಿ ಅದಲ್ಲ."

"ಎಲ್ಲಾ ಹುಳಕ್ಕ ಒಂದ ಎಣ್ಣಿ ಅಂತ ಹೇಳಿ ಮಾರೋ ಮಗ ನಮ್ಮ ಮನ್ಯಾಗೂ ಒಬ್ಬ ಅದಾನ," ಎಂದರು ಅತ್ತೆ. "ಅದರಾಗ ಯಾವ ಹುಳ ಸಾಯ್ತದ ಅಂತ ನನಗ ಗೊತ್ತದ."

ನಾನು ಮಷೀನಿನ ಪ್ಲಗ್ಗನ್ನು ಆ ಡಬ್ಬಿಗೆ ಸಿಕ್ಕಿಸಿ ಎತ್ತಿ ಹಿಡಿದೆ. ಪ್ಲಗ್ಗು ನಿಧಾನವಾಗಿ ತಲೆ ಬಾಗಿಸಿತು, ಮದುವೆ ಮನೆಯಲ್ಲಿ ಕೂತಲ್ಲೇ ನಿದ್ದೆ ಹೋಗುವ ಮುದುಕರ ಹಾಗೆ. ಆಮೇಲೆ ಕಳಚಿ ಕೌಂಟರಿನ ಮೇಲೆ ಬಿತ್ತು. ಡಬ್ಬಿಯ ಎರಡು ಅರೆಗಳ ನಡುವೆ ಒಂದು ಸೀಳು ಇತ್ತು. ಅದರೊಳಗೆ ತಾಮ್ರದ ತಗಡು ಮಿನುಗುವುದು ಕಾಣುತ್ತಿತ್ತು. ನಾನು ಆ ಸೀಳನ್ನು ಅಂಗಡಿಯವನಿಗೆ ತೋರಿಸಿದೆ. ಅವನು "ಗಾಳಿ ಆಡ್ಲಿ ಅಂತ ಬಿಟ್ಟಿರ್ತಾರ್ರಿ" ಎಂದ.

ಆ ಡಬ್ಬಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಾಗ ಪಕ್ಕದ ಮನೆಯ ಆಪಾ ಬಾಗಿಲಲ್ಲೇ ನಿಂತಿದ್ದರು. ಅವರು ಗಂಡನ ಜೊತೆ ಹಜ್ ಮುಗಿಸಿ ಬಂದವರು. ನಮ್ಮ ಓಣಿಯಲ್ಲಿ ನಿಜವಾಗಿ ಪರದೇಶ ಕಂಡವರೆಂದರೆ ಅವರೇ. ನಾನು ಕತೆ ಹೇಳಿದೆ. ಆಪಾ ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದರು. ಮುಚ್ಚಳ ತೆಗೆದಾಗ ಅತ್ತರಿನ ವಾಸನೆ ಬಂತು. ಖರ್ಜೂರದ ಬೀಜ, ಜಪದ ಮಣಿಸರ, ಅವುಗಳ ಕೆಳಗೆ ಕರವಸ್ತ್ರದಲ್ಲಿ ಸುತ್ತಿದ ಒಂದು ಕಪ್ಪು ಅಡಾಪ್ಟರು.

"ಮಕ್ಕಾ, ಮದೀನಾ ಎರಡೂ ಕಡಿ ನಡದದ ಅಕ್ಕಾ. ನಮ್ಮನಿಯವ್ರು ಇದರ ಮ್ಯಾಲ ಅನ್ನಾನೂ ಮಾಡ್ಯಾರ. ಅದಕ್ಕ ನೋಡ್ರಿ, ಇಲ್ಲೊಂಚೂರು ಸುಟ್ಟದ."

ಮೂಲೆಯಲ್ಲಿ ಚಹಾದ ಬಣ್ಣದ ಒಂದು ಕಲೆ ಇತ್ತು. ಕೈಯಲ್ಲಿ ಹಿಡಿದರೆ ತಕ್ಕಡಿಯ ಬಟ್ಟಿನಷ್ಟು ಭಾರ. ಚೌಕ ಕಡ್ಡಿಗಳು ಮೂರೂ ಹಿತ್ತಾಳೆಯವು, ಮೇಲಿನದು ಉಳಿದೆರಡಕ್ಕಿಂತ ಉದ್ದ. ಮಷೀನಿನ ಪ್ಲಗ್ಗು ಅದರೊಳಗೆ 'ಟಕ್' ಎಂದು ಕೂತಿತು, ಅಲುಗಾಡಲಿಲ್ಲ. ಆ ಸದ್ದಿಗೇ ನಾನು ಸೋತೆ. ಉದ್ದ ಕಡ್ಡಿ ಮೊದಲು ಒಳಗೆ ಹೋಗಿ ಉಳಿದೆರಡಕ್ಕೆ ಬಾಗಿಲು ತೆರೆಯುತ್ತದೆ, ಪೆನ್ನಿನ ಕೆಲಸ ಅದೇ ಮಾಡುತ್ತದೆ ಎಂದು ಅತ್ತೆಗೆ ವಿವರಿಸಿದೆ. ಮಷೀನಿನ ಬೆನ್ನಿಗೆ ಬರೆದಿದ್ದನ್ನು ಓದಿ ಹೇಳಿದೆ. ಅಲ್ಲಿಯ ಕರೆಂಟಿಗೂ ಇಲ್ಲಿಯ ಕರೆಂಟಿಗೂ ಜೋರಿನಲ್ಲಿ ವ್ಯತ್ಯಾಸವಿಲ್ಲ, ತೂತಿನ ಆಕಾರ ಮಾತ್ರ ಬೇರೆ ಎಂದೆ.

"ಗಟ್ಟಿ ಅದ," ಎಂದು ಅತ್ತೆ ಒಪ್ಪಿದರು. "ಈಗ ನಡಸಿ ತೋರ್ಸು."

"ಇಲ್ಲೇ ಹ್ಯಾಂಗ್ರಿ? ಇದರ ಕಡ್ಡಿ ಚೌಕ, ನಮ್ಮ ಗೋಡಿ ತೂತು ದುಂಡಗ."

"ಎತ್ತು ಕೊಳ್ಳೋ ಮುಂದ ಗಳೇ ಹೂಡಿ ನೋಡ್ತಾರ. ನಡೀತದ ಅಂತ ನೀ ಇಂಗ್ಲಿಷ್‌ದಾಗ ಹೇಳಿದ್ರ ನನಗ ಉಸಿರು ಬರಾಂಗಿಲ್ಲ. ಅಲ್ಲಿಗೆ ಹೋದ ಮ್ಯಾಲ ನಡೀಲಿಲ್ಲಂದ್ರ?"

ಉಬ್ಬಸ ಏರಿದಾಗ ಅವರ ಕೊರಳಿನ ಗುಳಿ ಹೇಗೆ ಒಳಗೆ ಹೋಗುತ್ತದೆಂದು ನಾನು ನೋಡಿದ್ದೇನೆ. ಹಾಗಾಗಿ ವಾದ ಮಾಡಲಿಲ್ಲ. ಆದರೆ ಚೌಕ ತೂತನ್ನು ಎಲ್ಲಿಂದ ತರುವುದು? ಅಡಾಪ್ಟರನ್ನು ಹಿಡಿದು ಮನೆಯೆಲ್ಲ ಸುತ್ತಿದೆ. ದೇವರ ಕೋಣೆ, ಅಡಿಗೆಮನೆ, ಬಚ್ಚಲಿನ ಗೀಸರಿನ ಹತ್ತಿರ, ಎಲ್ಲೆಲ್ಲೂ ದುಂಡಗೆ. ಶಹಾಪುರದಲ್ಲಿ ಬೇಕಾದರೆ ಬೆಟ್ಟದ ಆಕಾರದಲ್ಲಿ ಬುದ್ಧ ಮಲಗಿದ್ದಾನೆ, ಪಕ್ಕದ ಶಿರವಾಳದಲ್ಲಿ ಎಣಿಸಲಾಗದಷ್ಟು ಹಳೆಯ ಗುಡಿಗಳಿವೆ, ಗೋಗಿ ಊರಿಗೆ ಹೋಗುವ ಆಟೊದಲ್ಲಿ ಇಪ್ಪತ್ತು ಜನರಿಗೆ ಜಾಗವಿದೆ. ಒಂದು ಚೌಕ ತೂತು ಇಲ್ಲ.

ನನ್ನ ಮುಖ ನೋಡಲಾರದೆ ಆಪಾನೇ ದಾರಿ ತೋರಿಸಿದರು. "ಸುರಪುರದಾಗ ನಮ್ಮ ದೊಡ್ಡಪ್ಪನ ಮಗ ಅದಾನ. ದುಬೈದಾಗ ಇದ್ದು ಬಂದಾನ. ಮನಿ ಕಟ್ಟಸೋ ಮುಂದ ಅಲ್ಲಿಂದೇ ಬೋರ್ಡು ಹೊತ್ಕೊಂಡು ಬಂದ. ಅವನ ಮನಿ ತುಂಬ ಚೌಕ ತೂತೇ."

ಸುರಪುರಕ್ಕೆ ಹೊರಡುವ ದಿನ ಬೆಳಿಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ ಅಡಾಪ್ಟರನ್ನು ಕೇಳಿದರು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಅದರ ಮುಖಕ್ಕೆ ಮೂರು ಬೆರಳಿನಿಂದ ದಪ್ಪಗೆ ಎಳೆದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ನಮ್ಮ ಮನೆಗೆ ಬಂದ ಫ್ರಿಜ್ಜು, ಮಿಕ್ಸರು, ಸ್ಕೂಟರು, ನಾನು, ಎಲ್ಲರೂ ಹಾಗೆಯೇ ಒಳಗೆ ಬಂದವರು.

ಬಸ್ಸಿನಲ್ಲಿ ಆಪಾ, ಅತ್ತೆ, ನಾನು ಮೂವರೂ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಕೂತೆವು. ಅತ್ತೆಯ ತೊಡೆಯ ಮೇಲೆ ಮಷೀನಿನ ಚೀಲ. ಕಂಡಕ್ಟರ್ ಅದನ್ನು ಕೆಳಗಿಡಲು ಹೇಳಿದ.

"ಏನದ್ರಿ ಅಮ್ಮ ಅದರಾಗ? ಮಿಕ್ಸರೇನು?"

"ಗಾಳಿ," ಎಂದರು ಅತ್ತೆ.

ಅವನು ಮುಂದಿನ ಸೀಟಿಗೆ ಹೋದ. ಬಸ್ಸು ಊರು ದಾಟುವಾಗ ಅತ್ತೆ ಕಿಟಕಿಯಿಂದ ಮಲಗಿದ ಬುದ್ಧನ ಬೆಟ್ಟ ನೋಡಿದರು. "ಅಂವ ನೋಡು. ಉಬ್ಬಸಿಲ್ಲ, ಮಷೀನಿಲ್ಲ. ಅಂಗಾತ ಆರಾಮ ಮಲಗ್ಯಾನ." ಉಬ್ಬಸದವರಿಗೆ ಅಂಗಾತ ಮಲಗುವುದು ಎಷ್ಟು ದೊಡ್ಡ ಐಷಾರಾಮ ಎಂದು ನನಗೆ ಹೊಳೆದದ್ದು ಆಗ.

ಸುರಪುರದ ಆ ಮನೆ ಗುಡ್ಡದ ಬಂಡೆಗಳಿಗೆ ಬೆನ್ನು ಕೊಟ್ಟು ನಿಂತಿತ್ತು. ಮನೆಯ ಯಜಮಾನರು ನಮ್ಮನ್ನು ಕೂಡಿಸುವ ಮೊದಲೇ ಗೋಡೆ ತೋರಿಸಲು ಶುರುಮಾಡಿದರು. ಪ್ರತಿ ಗೋಡೆಯಲ್ಲೂ ಚೌಕ ತೂತಿನ ಬಿಳಿ ಬೋರ್ಡುಗಳು. ಪ್ರತಿಯೊಂದಕ್ಕೂ ತನ್ನದೇ ಗುಂಡಿ. ದುಬೈ ಬಿಟ್ಟು ಬಂದರೂ ದುಬೈನ ಗೋಡೆ ಬಿಟ್ಟು ಬಂದಿರಲಿಲ್ಲ. ಆದರೆ ಸುರಪುರದ ಬಜಾರಿನಲ್ಲಿ ಸಿಗುವ ಫ್ಯಾನು, ಇಸ್ತ್ರಿ ಪೆಟ್ಟಿಗೆ, ಟಿವಿ ಎಲ್ಲಕ್ಕೂ ದುಂಡು ಕಡ್ಡಿಯೇ ಇರುವುದರಿಂದ, ಅಲ್ಲೊಂದು ಇಲ್ಲೊಂದು ಬೋರ್ಡಿಗೆ ಅಡಾಪ್ಟರು ನೇತಾಡುತ್ತಿತ್ತು.

"ಫಸ್ಟ್ ಕ್ಲಾಸ್ ಮಾಲ್ ಅದರಿ. ಎಷ್ಟ ವರ್ಷಾದ್ರೂ ಏನೂ ಆಗಾಂಗಿಲ್ಲ," ಎಂದು ಯಜಮಾನರು ಒಂದು ಬೋರ್ಡಿನ ಬೆನ್ನು ತಟ್ಟಿದರು.

"ಏನೂ ಆಗಾಂಗಿಲ್ಲ, ಅದಕ್ಕ ತಗ್ಯಾಕೂ ಬರಾಂಗಿಲ್ಲ," ಎಂದು ಒಳಗಿನಿಂದ ಅವರ ಹೆಂಡತಿ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಚಟ್ನಿ ಅರೀಬೇಕಂದ್ರ ಅಡಾಪ್ಟರ್ ಹುಡುಕಬೇಕು. ಅದು ಇವರ ಫೋನಿಗೆ ಹೋಗಿರ್ತದ. ಮಂದಿ ವಿದೇಶಕ್ಕ ಹೋಗಿ ತಕಲೀಫ್ ಪಡ್ತಾರ. ನಾ ಸುರಪುರದಾಗ ಕುಂತು ಪಡಾಕತ್ತೇನಿ."

"ಮೆಹಮಾನ್ ಮುಂದ ಯಾಕ ಶುರು ಮಾಡ್ತಿ?"

"ಅವ್ರು ಬಂದದ್ದೇ ಇದನ್ನ ನೋಡಾಕ. ಪೂರಾ ನೋಡ್ಲಿ."

ಅತ್ತೆ ಮಷೀನು ಹೊರಗೆ ತೆಗೆದು ದಿವಾನದ ಮೇಲೆ ಇಟ್ಟುಕೊಂಡು, ಔಷಧ ಹನಿಸಿ, ಮುಖವಾಡ ಕಟ್ಟಿಕೊಂಡು ತಯಾರಾದರು. ಯಜಮಾನರು ಒಂದು ಬೋರ್ಡು ಖಾಲಿ ಮಾಡಿಕೊಟ್ಟರು. ಅಡಾಪ್ಟರಿನ ಚೌಕ ಕಡ್ಡಿಗಳು ಗೋಡೆಯೊಳಗೆ ಬೆಣ್ಣೆಯಲ್ಲಿ ಚಾಕುವಿನಂತೆ ಹೋದವು. ನನಗೆ ಆಗಲೇ ವಿಮಾನದ ಸದ್ದು ಕೇಳಿಸಿತು. ಮಷೀನಿನ ಪ್ಲಗ್ಗನ್ನು ಅದರೊಳಗೆ ಒತ್ತಿದೆ. ಹೋಗಲಿಲ್ಲ. ತಿರುಗಿಸಿ ಒತ್ತಿದೆ. ಹೋಗಲಿಲ್ಲ. ಮನೆಯಲ್ಲಿ 'ಟಕ್' ಎಂದದ್ದು ಇಲ್ಲಿ ತುಟಿ ಬಿಗಿದು ಕೂತಿತ್ತು. ಯಜಮಾನರು ಅಂಗೈಯಿಂದ ಗುದ್ದಿದರು. ಆಪಾ ಬಾಯಿಯಲ್ಲೇ ಏನೋ ಪಠಿಸಿದರು.

ಅತ್ತೆ ಮುಖವಾಡ ಬಿಚ್ಚಿದರು. "ನೋಡಿದಿ? ಒಲ್ಲೆ ಅನ್ನಾಕತ್ತದ. ಇಲ್ಲೇ ಸುರಪುರದಾಗ ಹಿಂಗಂದ್ರ, ಸಮುದ್ರ ದಾಟಿದ ಮ್ಯಾಲ ನನ್ನ ಗತಿ ಏನು? ನಡೀರಿ, ಬಸ್ ಸಿಗ್ತದ."

ಮಷೀನಿನ ವೈರು ಸುತ್ತತೊಡಗಿದರು. ಅವರು ವೈರು ಸುತ್ತುವುದೆಂದರೆ ತೀರ್ಪು ಬರೆದು ಸಹಿ ಹಾಕಿದಂತೆ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅಡಾಪ್ಟರನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದೆ. ದುಂಡು ತೂತುಗಳ ಅಂಚಿನಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದೆ. ಸುಣ್ಣದ ಗಾರೆಯಂತೆ ಹರಳುಹರಳಾಗಿ ಉದುರಿತು. ಬೆಳಗಿನ ವಿಭೂತಿ. ಮುಖಕ್ಕೆ ಎಳೆದ ಮೂರು ಎಳೆಯೂ ನೇರವಾಗಿ ಮೂರು ತೂತಿನೊಳಗೆ ಇಳಿದು, ಬಸ್ಸಿನ ಸೆಖೆಗೆ ಒಣಗಿ, ಗಚ್ಚು ಹಾಕಿದ ಹಾಗೆ ಕೂತುಬಿಟ್ಟಿತ್ತು.

"ಅತ್ತಿ, ಇದು ಒಲ್ಲೆ ಅಂದಿಲ್ಲ. ನೀವೇ ಇದರ ಬಾಯಿ ಮುಚ್ಚೀರಿ."

ಅವರು ನೋಡಿದರು. ಆಪಾನೂ ಬಗ್ಗಿ ನೋಡಿದರು. ತಮ್ಮ ಅಡಾಪ್ಟರಿನ ಹಣೆಯ ಮೇಲೆ ಮೂರು ಬಿಳಿ ಗೆರೆ ಕಂಡು ಹುಬ್ಬೇರಿಸಿದರು. ಬೇಸರವಾಯಿತೇನೋ ಎಂದುಕೊಂಡೆ. ಆಮೇಲೆ ಆಪಾ ದುಪಟ್ಟಾದ ತುದಿ ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದರು. "ನಮ್ಮ ಮನ್ಯಾಗ ಇರೋತನ ಹಾಜಿ ಆಗಿತ್ತು. ನಿಮ್ಮ ಮನಿಗೆ ಬಂದು ಜಂಗಮ ಆಗ್ಯದ."

ನನ್ನ ಬಳೆಗೆ ಯಾವಾಗಲೂ ಎರಡು ಸೇಫ್ಟಿ ಪಿನ್ನು ತೂಗುತ್ತಿರುತ್ತವೆ. ಅದು ಒಪ್ಪವಿಲ್ಲದ ಹೆಂಗಸರ ಲಕ್ಷಣ ಎಂದು ಸಿಸ್ಟರ್ ಹೇಳುತ್ತಿದ್ದರು. ಸಿಸ್ಟರಿಗೆ ಸೀರೆ ಉಡುವ ಕೆಲಸ ಇರಲಿಲ್ಲ. ಒಂದು ಪಿನ್ನು ಬಿಚ್ಚಿ, ಗೋಡೆಯಿಂದ ದೂರ ಕೂತು, ತೂತುಗಳನ್ನು ಒಂದೊಂದಾಗಿ ಕೆದಕಿದೆ.

"ಕೆಳಗ ಚೆಲ್ಲಬ್ಯಾಡ, ವಿಭೂತಿ ಅದು," ಎಂದು ಅತ್ತೆ ಅಂಗೈ ಒಡ್ಡಿದರು. ನಾನು ಕೆದಕಿದಷ್ಟನ್ನೂ ಹಿಡಿದು ಹಣೆಗೆ ಹಚ್ಚಿಕೊಂಡರು. ಉಳಿದದ್ದನ್ನು ಏನು ಮಾಡುವುದೆಂದು ತಿಳಿಯದೆ ನನ್ನ ಹಣೆಗೂ ಒರೆಸಿದರು.

ಈಗ ಪ್ಲಗ್ಗು ಕೂತಿತು. ಯಜಮಾನರು ಗುಂಡಿ ಒತ್ತಿದರು. ಮಷೀನು ಉಸಿರೆತ್ತಲಿಲ್ಲ. ತಲೆಯ ಮೇಲಿನ ಫ್ಯಾನೂ ನಿಧಾನವಾಗಿ ನಿಲ್ಲುತ್ತಿರುವುದನ್ನು ಎಲ್ಲರೂ ಒಟ್ಟಿಗೇ ನೋಡಿದೆವು.

"ಕರೆಂಟ್ ಹೋಗ್ಯದ," ಎಂದರು ಯಜಮಾನರು, ತಾವೇ ಕಳಿಸಿದವರಂತೆ ನಾಚಿಕೊಂಡು.

"ಬೋರ್ಡು ದುಬೈದು, ಕರೆಂಟು ಮಾತ್ರ ಇಲ್ಲಿಂದೇ," ಎಂದು ಅವರ ಹೆಂಡತಿ ಸುಸಲಾ ಕಲಸಲು ಒಳಗೆ ಹೋದರು.

ನಾವು ಕಾದೆವು. ನೆನೆಸಿದ ಚುರುಮುರಿಯ ಸುಸಲಾ ಬಂತು, ಮೇಲೆ ಪುಟಾಣಿ ಹಿಟ್ಟು ಉದುರಿಸಿದ್ದು. ಚಹಾ ಬಂತು. ಅತ್ತೆ ಮುಖವಾಡವನ್ನು ಗದ್ದಕ್ಕೆ ಇಳಿಸಿಕೊಂಡು ತಿಂದರು. ಆಪಾ ಮತ್ತು ಆ ಮನೆಯಾಕೆ ಯಾವುದೋ ಮದುವೆಯ ಜಗಳವನ್ನು ಮೊದಲಿನಿಂದ ಕಡೆಯವರೆಗೆ ನಡೆಸಿದರು. ನಾನು ಗೋಡೆಯ ಆ ಚೌಕ ತೂತಿನ ಕಡೆ ನೋಡುತ್ತ ಕೂತಿದ್ದೆ. ಅದರ ಪಕ್ಕದಲ್ಲಿ ಒಂದು ಇರುವೆ ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿತ್ತು. ಅದಕ್ಕೂ ಅತ್ತೆಯ ಸ್ವಭಾವ ಇರಬೇಕು.

ಅತ್ತೆ ಎರಡನೆಯ ಬಸಿ ಚಹಾ ಬಾಯಿಗಿಡುವಾಗ ಮಷೀನು ತಾನಾಗಿಯೇ ಗಿರಣಿಯಂತೆ ಶುರುವಾಯಿತು. ಎಲ್ಲರೂ ಬೆಚ್ಚಿದೆವು. ಅವರು ಚಹಾ ಕೆಳಗಿಟ್ಟು, ಮುಖವಾಡ ಏರಿಸಿ, ಕಣ್ಣು ಮುಚ್ಚಿದರು. ಬಿಳಿ ಹೊಗೆ ಎರಡೂ ಕೆನ್ನೆಯ ಪಕ್ಕ ಹರಿಯಿತು. ಔಷಧ ಪೂರ್ತಿ ತೀರುವವರೆಗೂ ಅವರು ಕಣ್ಣು ತೆರೆಯಲಿಲ್ಲ, ನಾನು ಸುಸಲಾ ಅಗಿಯಲಿಲ್ಲ.

ಮುಖವಾಡ ತೆಗೆದು ಅವರು ಯಜಮಾನರನ್ನು ಕೇಳಿದ್ದು: "ಅಲ್ಲಿ ಕರೆಂಟ್ ಹೋಗ್ತದೇನು?"

"ಇಲ್ರಿ ಅಮ್ಮ. ಅಂಥಾ ಊರಾಗ ಹೋಗಾಂಗೇ ಇಲ್ಲ."

"ಮತ್ತ ಅಲ್ಲಿಯವ್ರು ಕೆಲಸ ಆಗಿಲ್ಲಂದ್ರ ಏನು ನೆಪ ಹೇಳ್ತಾರ?"

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು. "ಆತು, ಹೋಗೂಣು. ಅದನ್ನ ನೋಡಿ ಬರೂಣು."

ಮಲೇಷಿಯಾದ ಬಗ್ಗೆ ನಾನು ಹೇಳಬಹುದಾದದ್ದು ಬಹಳ ಇದೆ. ಅದನ್ನೆಲ್ಲ ಹೋದವರೆಲ್ಲ ಹೇಳುತ್ತಾರೆ. ನನ್ನ ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತಿದ ಹುಡುಗಿ ಅದನ್ನು ಮೂಸಿ ಮೂಗು ಸೊಟ್ಟ ಮಾಡಿದಳು. ನುಸಿಗುಳಿಗೆ. ಹೋಟೆಲಿನ ಕೋಣೆಯಲ್ಲಿ ಮಂಚದ ಪಕ್ಕದ ಗೋಡೆಯಲ್ಲಿ ಚೌಕ ತೂತು ನಮ್ಮನ್ನೇ ಕಾಯುತ್ತಿತ್ತು. ಸುರಪುರದ ತೂತಿನ ತಮ್ಮನ ಹಾಗೆ. ಅತ್ತೆ ಹೊರಗಿನ ಎತ್ತರದ ಕಟ್ಟಡಗಳನ್ನು ನೋಡುವ ಮೊದಲು ಅದನ್ನು ನೋಡಿದರು. ಅಡಾಪ್ಟರು ಕೂತಿತು, ಪ್ಲಗ್ಗು ಕೂತಿತು, ಗಿರಣಿ ಶುರುವಾಯಿತು. ನಾನು ಮಂಚದ ತುದಿಯಲ್ಲಿ ಕೂತು, ಮನೆಯಿಂದ ತಂದ ಕಟಕ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಮುರಿದು ತಿಂದೆ. ಸದ್ದು ಯಾವುದು ಮಷೀನಿನದು, ಯಾವುದು ರೊಟ್ಟಿಯದು ಎಂದು ಗೊತ್ತಾಗುತ್ತಿರಲಿಲ್ಲ.

ಆಮೇಲೆ ಬಾಗಿಲು ಬಡಿಯುವುದು ಶುರುವಾಯಿತು. ಟೂರಿಗೆ ಬಂದಿದ್ದ ಬಹಳ ಮಂದಿ ನಾವು ಬಿಟ್ಟು ಬಂದಿದ್ದಂಥ ಹಾವಾಡಿಗನ ಬುಟ್ಟಿಯನ್ನೇ ಕೊಂಡು ಬಂದಿದ್ದರು. ಅದು ಗೋಡೆಯಲ್ಲಿ ನಿಲ್ಲಲೊಲ್ಲದು. ಒಬ್ಬಾಕೆ ಅದರ ಕೆಳಗೆ ದಿಂಬು, ದಿಂಬಿನ ಕೆಳಗೆ ಸೂಟ್‌ಕೇಸು ಇಟ್ಟು ನೋಡಿದ್ದಳಂತೆ. ಯಾದಗಿರಿಯ ಪೆನ್ನಿನ ಸ್ನೇಹಿತರು ಎಲ್ಲರಿಗಿಂತ ಮೊದಲು ಬಂದಿದ್ದರು. ಪೆನ್ನಿನ ಮುಚ್ಚಳ ಮೇಲಿನ ತೂತಿನೊಳಗೇ ಮುರಿದು ಕೂತಿತ್ತು. ಅವರ ಹೆಂಡತಿ ಹಿಂದೆ ನಿಂತು, ಆ ಪೆನ್ನಿನ ಉಳಿದ ಭಾಗವನ್ನು ಕೈಯಲ್ಲಿ ಹಿಡಿದಿದ್ದರು.

ನಮ್ಮತ್ತೆ ತಮ್ಮ ಚೀಲದಿಂದ ಟವೆಲಿನಲ್ಲಿ ಸುತ್ತಿದ ಏನನ್ನೋ ತೆಗೆದರು. ನಮ್ಮ ಅಂಗಡಿಯ ಎಕ್ಸ್‌ಟೆನ್ಷನ್ ಬೋರ್ಡು, ನಾಲ್ಕು ದುಂಡು ತೂತಿನದು. ಅದನ್ನು ತಂದಿರುವುದು ನನಗೂ ಗೊತ್ತಿರಲಿಲ್ಲ. ಆಪಾನ ಅಡಾಪ್ಟರಿಗೆ ಅದನ್ನು ಸಿಕ್ಕಿಸಿ, ಫೋನುಗಳಿಗೆ ಮಾತ್ರ ಎಂದು ನಾನು ಕಟ್ಟಪ್ಪಣೆ ಮಾಡಿದೆ. ಆಪಾನ ಮನೆಯವರ ಅನ್ನದ ಕಲೆ ನನಗೆ ನೆನಪಿತ್ತು. ಯಾರೋ ತಂದಿದ್ದ ನೀರು ಕಾಯಿಸುವ ಕೆಟಲನ್ನು ಬಾಗಿಲಿನಿಂದಲೇ ವಾಪಸು ಕಳಿಸಿದೆ.

ಉಳಿದ ಆಡಳಿತ ಅತ್ತೆಯದು. ಅವರ ತವರು ನಾರಾಯಣಪುರದ ಅಣೆಕಟ್ಟಿನ ಕಾಲುವೆಯ ಕೊಟ್ಟಕೊನೆಯ ಊರು. ಕಾಲುವೆ ನೀರನ್ನು ಪಾಳಿಯ ಮೇಲೆ ಬಿಡುತ್ತಾರೆ. ಮೇಲಿನ ಹೊಲದವರು ಪಾಳಿ ಮೀರಿ ತಿರುಗಿಸಿಕೊಂಡರೆ ಕೊನೆಯ ಹೊಲಕ್ಕೆ ಬರುವುದು ಕೆಸರು ಮಾತ್ರ. ಆ ಸಿಟ್ಟು ಅವರಲ್ಲಿ ಹುಟ್ಟಿದಾಗಿನಿಂದ ಇತ್ತು, ತೀರಿಸಿಕೊಳ್ಳಲು ಜಾಗ ಸಿಕ್ಕಿರಲಿಲ್ಲ. ಸಿಕ್ಕಿದ್ದು ಕೌಲಾಲಂಪುರದಲ್ಲಿ.

"ಯಾರದು ಪೂರಾ ಬತ್ತ್ಯದ, ಅವ್ರದು ಮೊದಲ," ಎಂದರು. "ಅರ್ಧ ಇದ್ದವ್ರು ಹೊರಗ ನಿಂದರ್ರಿ."

"ಅಮ್ಮಾ, ನಂದು ಅರ್ಜಂಟ್ ಅದರಿ. ಅಂಗಡಿ ಫೋನ್ ಬರ್ತಾವ," ಎಂದರು ಪೆನ್ನಿನ ಸ್ನೇಹಿತರು.

"ತೋರ್ಸು." ಫೋನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇನ್ನಾ ಇಷ್ಟ ಅದಲ್ಲೋ. ನೀ ಮ್ಯಾಲಿನ ಹೊಲದಾಂವ. ಆ ತಂಗೀದು ಹಚ್ರಿ ಮೊದಲ."

ಅದು ಪ್ರತಿ ಬೆಳಿಗ್ಗೆ, ಪ್ರತಿ ಸಂಜೆ ನಡೆಯಿತು. ಮೊದಲು ಮಷೀನು, ಅದು ನಿಂತ ಮೇಲೆ ಪಾಳಿ. ಮುಖವಾಡ ಹಾಕಿಕೊಂಡಾಗ ಅವರಿಗೆ ಮಾತಾಡಲು ಆಗದು. ಆದ್ದರಿಂದ ಹೊಗೆಯ ಒಳಗಿನಿಂದ ಒಂದು ಕೈ ಮಾತ್ರ ಮೇಲೆದ್ದು ನಿಲ್ಲುತ್ತಿತ್ತು. ಬಾಗಿಲಲ್ಲಿ ಫೋನು ಹಿಡಿದ ಅರ್ಧ ಯಾದಗಿರಿ ಜಿಲ್ಲೆ ಆ ಕೈ ಇಳಿಯುವುದನ್ನೇ ಕಾಯುತ್ತಿತ್ತು. ನನ್ನ ಪಾಳಿ ಕೊನೆಗೆ, ಮನೆಯವಳೆಂದು. ಅದು ಬರುವ ಹೊತ್ತಿಗೆ ಟೂರಿನ ಬಸ್ಸು ಹೊರಡುವ ಸಮಯವಾಗಿ, ನನ್ನ ಫೋನು ಬತ್ತಿಕೊಂಡೇ ಚೀಲ ಸೇರುತ್ತಿತ್ತು. ಹಾಗಾಗಿ ಮಲೇಷಿಯಾದಲ್ಲಿ ನಾನು ಇರುವುದು ಬೇರೆಯವರ ಫೋಟೊಗಳಲ್ಲಿ ಮಾತ್ರ, ಯಾರದೋ ಮೊಣಕೈಯ ಹಿಂದೆ.

ಊರಿಗೆ ಬಂದು ಅಡಾಪ್ಟರನ್ನು ಆಪಾಗೆ ಒಪ್ಪಿಸುವಾಗ ಅವರು ಅದನ್ನು ಬೆಳಕಿಗೆ ಹಿಡಿದು ಮೂರೂ ತೂತಿನೊಳಗೆ ಇಣುಕಿದರು. ನಕ್ಕು ಡಬ್ಬಿಗೆ ಹಾಕಿದರು.

ಮುಂದಿನ ವರ್ಷ ಇವರು ಅಂಗಡಿಯಿಂದ ಬಂದವರೇ ಕಾಲು ತೊಳೆಯುತ್ತ, ಈ ಸಲ ಕಂಪನಿಯವರು ಜಾರ್ಜಿಯಾಕ್ಕೆ ಒಯ್ಯುತ್ತಾರಂತೆ, ಮಂಜಿನ ಬೆಟ್ಟ ಇದೆಯಂತೆ, ನೀವಿಬ್ಬರೂ ಹೋಗುವಿರಾ ಎಂದರು. ನಾನು ಬೀರುವಿನ ಕಡೆ ಆಗಲೇ ಎರಡು ಹೆಜ್ಜೆ ಇಟ್ಟಿದ್ದೆ.

"ಅಲ್ಲಿ ತೂತು ಯಾವ ನಮೂನಿ?" ಎಂದರು ಅತ್ತೆ.

ಇವರು ಫೋನಿನಲ್ಲಿ ಹುಡುಕಿ ನೋಡಿದರು. "ದುಂಡಗ ಅದಾವಬೇ."

"ದುಂಡಗಂದ್ರ ನಮ್ಮ ಮನ್ಯಾಗ ಇಲ್ಲೇನು," ಎಂದು ಅತ್ತೆ ಮಷೀನಿನ ವೈರು ಸುತ್ತತೊಡಗಿದರು. "ಅದನ್ನ ನೋಡಾಕ ಅಷ್ಟ ದೂರ ಯಾಕ ಹೋಗ್ಬೇಕು. ನೀನ ಹೋಗಿ ಬಾರೋ."